ಜೂನ್ ಒಂದರಂದು ಹುಟ್ಟದವರು

ಶಿವಮೊಗ್ಗದ ಕೋಟೆ ರಸ್ತೆಯ ಪ್ರೆಸ್ಸಿನ ಶಟರ್ ಮೇಲೇಳುವ ಹೊತ್ತಿಗಾಗಲೇ, ಅಲ್ಲಿ ಟೈಪಿಂಗ್ ಮಾಡುವ ಹೇಮಶ್ರೀಗೆ ಒಂದು ಸಲವಾದರೂ ಸಿಟ್ಟು ಬಂದು ಹೋಗಿರುತ್ತಿತ್ತು. ರಾಗಿಗುಡ್ಡದಿಂದ ಬರುವ ಸಿಟಿ ಬಸ್ಸಿನಲ್ಲಿ ಯಾರೋ ಕಾಲು ತುಳಿದಿರುತ್ತಿದ್ದರು, ಇಲ್ಲವೇ ಡಬ್ಬಿಯ ಸಾರು ಬ್ಯಾಗಿಗೆ ಸೋರಿರುತ್ತಿತ್ತು. ಕಾರಣ ಯಾವುದಾದರೂ ಆದೀತು. ಅವಳ ಗಂಡ ಮುರಳಿ ಎಲೆಕ್ಟ್ರಿಷಿಯನ್. "ನಿನ್ನ ಸಿಟ್ಟಿಗೊಂದು ವೈರ್ ಎಳೆದ್ರೆ ನಮ್ಮ ಬೀದಿಗೆಲ್ಲ ಲೈಟ್ ಹತ್ತುತ್ತೆ ಮಾರಾಯ್ತಿ" ಎನ್ನುತ್ತಿದ್ದ. ಅವಳು ಅದಕ್ಕೂ ಸಿಡುಕುತ್ತಿದ್ದಳು.

ಆ ಸಿಟ್ಟು ಇಳಿಯುತ್ತಿದ್ದದ್ದು ಒಂದೇ ಕಡೆ. ಪ್ರೆಸ್ಸಿನ ಬಾಗಿಲ ಪಕ್ಕದ ಗೋಡೆಗೆ ಒಂದು ಕರಿಹಲಗೆ ಇತ್ತು. ಮಾಲೀಕ ಖಾಜಾ ಪೀರ್ ಅದನ್ನು ತಂದು ನೇತುಹಾಕಿದ್ದು 'ಲಗ್ನಪತ್ರಿಕೆ, ಕರಪತ್ರ, ಬಿಲ್ ಬುಕ್ ಮಾಡಿಕೊಡಲಾಗುವುದು' ಎಂದು ಬರೆಸಲಿಕ್ಕೆ. ಆದರೆ ಮೂರ್ನಾಲ್ಕು ವರ್ಷದ ಹಿಂದೆ ಒಬ್ಬ ಹುಡುಗ ತನ್ನ ಕವನ ಸಂಕಲನ ಅಚ್ಚು ಹಾಕಿಸಲು ಬಂದವನು, "ನಮ್ಮೂರಲ್ಲಿ ಬರೆಯೋರು ಯಾರೂ ಇರ್ಲಿಲ್ಲ ಮೇಡಂ, ನಾನೇ ಮೊದಲು" ಎಂದುಬಿಟ್ಟ. ಆ ಮೊದಲಿಗನ ಪದ್ಯಗಳನ್ನು ಹೇಮಶ್ರೀ ಹಲ್ಲು ಕಚ್ಚಿಕೊಂಡು ಟೈಪ್ ಮಾಡಿ ಮುಗಿಸಿದಳು. ಮಾರನೆಯ ಬೆಳಿಗ್ಗೆ ಲಗ್ನಪತ್ರಿಕೆಯ ಜಾಹೀರಾತನ್ನು ಒದ್ದೆ ಬಟ್ಟೆಯಿಂದ ಒರೆಸಿ, ಹಲಗೆಯ ಮೇಲೆ ದುಂಡಗೆ ಬರೆದಳು: 'ಈ ದಿನ.' ಅದರ ಕೆಳಗೆ, ಅದೇ ದಿನ ಹುಟ್ಟಿದ್ದ ಜಿಲ್ಲೆಯ ಒಬ್ಬ ಹಳೆಯ ನಾಟಕಕಾರನ ಹೆಸರು, ಅವನು ಏನು ಬರೆದ, ಎಲ್ಲಿ ಕೂತು ಬರೆದ ಎಂದು ನಾಲ್ಕು ಸಾಲು. ಕೊನೆಗೆ ಒಂದು ಗೆರೆ ಎಳೆದು, 'ಬರೆಯುವವರಿಗೆ' ಎಂದು ಒಂದೇ ಒಂದು ಮಾತು.

ಅಂದಿನಿಂದ ಅದು ನಿಲ್ಲಲಿಲ್ಲ. 'ಬರೆಯುವವರಿಗೆ: ಮೊದಲ ಪುಟ ಹರಿದು ಹಾಕಿ, ಕಥೆ ಎರಡನೆಯದರಲ್ಲಿದೆ.' 'ಬರೆಯುವವರಿಗೆ: ಇವತ್ತು ಮಳೆಯ ಬಗ್ಗೆ ಬರೆಯಬೇಡಿ, ಮಳೆಗೆ ಸಾಕಾಗಿದೆ.' ಕಾಲೇಜಿಗೆ ಹೋಗುವ ಹುಡುಗಿಯರು ನಿಂತು ಓದಿ ನಗುತ್ತಿದ್ದರು, ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕುತ್ತಿದ್ದರು. ದೇವಸ್ಥಾನಕ್ಕೆ ಬಂದವರು ಹೂವಿನ ಕವರ್ ಹಿಡಿದುಕೊಂಡೇ ಓದುತ್ತಿದ್ದರು. ಖಾಜಾ ಪೀರ್ ಮೊದಲು ಗೊಣಗಿದರು. "ಲಗ್ನಪತ್ರಿಕೆ ಅಂತ ಎಲ್ಲಿ ಬರೀಲಿ ಈಗ? ನನ್ನ ತಲೆ ಮೇಲಾ?" ಆಮೇಲೆ ದಿನಾ ಸಂಜೆ ತಾವೇ ಬಟ್ಟೆ ಒದ್ದೆ ಮಾಡಿ ಇಡತೊಡಗಿದರು.

ಹಲಗೆಗೆ ಅವಳದೇ ಒಂದು ಕಟ್ಟುನಿಟ್ಟು ಇತ್ತು. ಹುಟ್ಟಿದ ದಿನ, ತೀರಿಕೊಂಡ ದಿನ, ಇಲ್ಲವೇ ಪುಸ್ತಕ ಹೊರಬಂದ ದಿನ, ಯಾವುದಾದರೂ ಒಂದು ತಾರೀಖು ಖಚಿತವಾಗಿ ಸಿಗಬೇಕು. ಸಿಗದಿದ್ದರೆ ಹಲಗೆಯ ಮೇಲೆ ಹೆಸರಿಲ್ಲ. ಅಂದಾಜಿನ ಮೇಲೆ ಬರೆದರೆ ನಾಳೆ ಯಾರಾದರೂ ಬಂದು ತಪ್ಪು ತೋರಿಸುತ್ತಾರೆ, ಆಗ ತನಗೆ ಸಿಟ್ಟು ಮಾಡುವ ಹಕ್ಕೇ ಇರುವುದಿಲ್ಲ ಎಂದು ಅವಳ ಲೆಕ್ಕ.

ವರ್ಷದಲ್ಲಿ ಒಂದು ದಿನ ಮಾತ್ರ ಹಲಗೆ ಸಾಲುತ್ತಿರಲಿಲ್ಲ. ಅದು ಜೂನ್ ಒಂದು. ಅವತ್ತು ಅಕ್ಷರ ಸಣ್ಣದಾಗಿ ಸಣ್ಣದಾಗಿ ಚೌಕಟ್ಟಿನ ಮರಕ್ಕೆ ಬಂದು ತಾಗುತ್ತಿತ್ತು. ಕವಿಗಳು, ಹರಟೆಗಾರರು, ಯಕ್ಷಗಾನದ ಪ್ರಸಂಗ ಬರೆದವರು, ಎಲ್ಲರೂ ಒಂದೇ ದಿನ ತೊಟ್ಟಿಲಿಗೆ ಬಿದ್ದವರು. ಯಾಕೆಂದು ಊರಿನ ಹಿರಿಯರನ್ನು ಯಾರನ್ನು ಕೇಳಿದರೂ ನಗುತ್ತಾ ಹೇಳುತ್ತಾರೆ. ಆ ಕಾಲದಲ್ಲಿ ಶಾಲೆಗೆ ಸೇರಿಸಲು ಅಪ್ಪ ಹುಡುಗನನ್ನು ಕರೆದುಕೊಂಡು ಹೋಗುತ್ತಿದ್ದ. ಹೆಡ್‌ಮಾಸ್ತರರು ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟು ಎನ್ನುತ್ತಿದ್ದರು. ಮುಟ್ಟಿದರೆ ವಯಸ್ಸಾಯಿತು ಎಂದು ಲೆಕ್ಕ. ಶಾಲೆ ಶುರುವಾಗುವುದು ಜೂನಿನಲ್ಲಿ, ಆದ್ದರಿಂದ ಹುಟ್ಟಿದ್ದೂ ಜೂನ್ ಒಂದು. ಹಾಗೆ ಬರೆದದ್ದು ಮಾರ್ಕ್ಸ್ ಕಾರ್ಡಿಗೆ ಹೋಗಿ, ಕೆಲಸಕ್ಕೆ ಹೋಗಿ, ಪಿಂಚಣಿಗೆ ಹೋಗಿ, ಕೊನೆಗೆ ಪುಸ್ತಕದ ಹಿಂಬದಿಯ ಲೇಖಕರ ಪರಿಚಯಕ್ಕೂ ಬಂದು ಕೂತಿತ್ತು.

ಖಾಜಾ ಪೀರ್ ಅವರದೂ ಜೂನ್ ಒಂದೇ. "ನಮ್ಮ ಅಮ್ಮಿ ಹೇಳೋದು, ನಾನು ಬಕ್ರೀದ್ ಮಾರನೇ ದಿನ ಹುಟ್ಟಿದ್ದು ಅಂತ. ಮೇಷ್ಟ್ರು ಹೇಳಿದ್ದು ಜೂನ್ ಒಂದು. ಮೇಷ್ಟ್ರು ಹೆರಿಗೆಗೆ ಬಂದಿದ್ರಾ ಅಂತ ಅಮ್ಮಿ ಬಯ್ತಿದ್ರು" ಎಂದು ಅವರು ಪ್ರತಿ ವರ್ಷ ಆ ದಿನ ಹೇಳಿ, ಪ್ರತಿ ವರ್ಷ ಹೊಸದೆನ್ನುವಂತೆ ನಗುತ್ತಿದ್ದರು.

ಡಿಸೆಂಬರ್ ಶುರುವಿನಲ್ಲಿ ಮನೋಹರ ಸಾರ್ ಪ್ರೆಸ್ಸಿಗೆ ಬಂದರು. ಗೋಪಾಳದಲ್ಲಿ ಮನೆ, ನಿವೃತ್ತ ಕನ್ನಡ ಉಪನ್ಯಾಸಕರು, ಊರಿನ ಬರಹಗಾರರ ಬಳಗಕ್ಕೆ ಅಧ್ಯಕ್ಷರು. ಇಸ್ತ್ರಿ ಮಾಡಿದ ಬಿಳಿ ಜುಬ್ಬಾ, ಜೇಬಲ್ಲಿ ಎರಡು ಪೆನ್ನು.

"ಹೇಮಾ, ನಿನ್ನ ಬೋರ್ಡನ್ನ ಕ್ಯಾಲೆಂಡರ್ ಮಾಡೋಣ ಕಣಮ್ಮ" ಎಂದರು. "ದಿನಕ್ಕೊಬ್ಬ ಸಾಹಿತಿ. ಪ್ರತಿ ತಾರೀಖಿನ ಚೌಕದಲ್ಲಿ ಒಂದು ಹೆಸರು, ಒಂದು ಸಾಲು. ಶಾಲೆ, ಲೈಬ್ರರಿ, ಬ್ಯಾಂಕು, ಎಲ್ಲ ಕಡೆ ನೇತಾಡಬೇಕು. ಹೊಸ ವರ್ಷದ ದಿನ ಬಿಡುಗಡೆ."

ಹೇಮಶ್ರೀ ಸಿಡುಕದೆ ಚಹಾ ತರಿಸಿದಳು. ಅದು ಅವಳ ಸಂತೋಷ. ಅಂಗೈಯಗಲದ ಚೌಕಗಳಲ್ಲಿ ತನ್ನ ಇಷ್ಟು ವರ್ಷದ ಬೆಳಗುಗಳು ಗೋಡೆಗೋಡೆಗೆ ಹೋಗುತ್ತವೆ ಎಂದು ನೆನೆದಳು. ಸಾರ್ ಚಹಾ ಕುಡಿಯುತ್ತಾ, ತಾವು ತಂದಿದ್ದ ಪಟ್ಟಿಯಲ್ಲಿ ಜೂನ್ ತಿಂಗಳ ಹಾಳೆ ನೋಡಿ ನಕ್ಕರು.

"ಒಂದನೇ ತಾರೀಖು ನನ್ನದೂ ಒಂದು ಹೆಸರು ಸೇರಿಸು. ಸರ್ಕಾರಕ್ಕೆ ನಾನು ಜೂನ್ ಒಂದು. ನಮ್ಮಮ್ಮ ಮಾತ್ರ ಇವತ್ತಿಗೂ ಒಪ್ಪಲ್ಲ ನೋಡು, ಆಯುಧಪೂಜೆ ದಿನವೇ ನಂಗೆ ಪಾಯಸ ಮಾಡ್ತಾಳೆ. ನಮ್ಮಪ್ಪ ಸೈಕಲ್ ತೊಳೀತಿದ್ದಾಗ ಒಳಗೆ ನಾನು ಅತ್ತೆನಂತೆ."

ಎಲ್ಲರೂ ನಕ್ಕರು. ಅವಳೂ ನಕ್ಕಳು.

ಹನ್ನೆರಡು ತಿಂಗಳ ಹಾಳೆಗಳನ್ನು ಅವಳು ಹಗಲೆಲ್ಲಾ ಕೂತು ಜೋಡಿಸಿದಳು. ಲಗ್ನಪತ್ರಿಕೆಯವರು ಬಂದರೆ "ನಾಳೆ ಬನ್ನಿ" ಎಂದು ಗದರಿಸಿ ಕಳಿಸಿದಳು. ಖಾಜಾ ಪೀರ್ ತಲೆ ಚಚ್ಚಿಕೊಂಡರು. "ಅರೆ ಹೇಮಕ್ಕ, ಮದುವೆ ಆಗೋರನ್ನ ಬೈದು ಕಳಿಸ್ತೀಯಲ್ಲ, ಅವರು ಇನ್ನೊಂದು ಸಲ ಮದುವೆ ಆಗ್ತಾರಾ?"

ಶುಕ್ರವಾರ ಮನೋಹರ ಸಾರ್ ಕೊನೆಯ ಹಾಳೆ ಕೊಟ್ಟು ಹೋಗಲು ಬಂದರು. ಕ್ಯಾಲೆಂಡರಿನ ಹಿಂಬದಿಗೆ ಅಚ್ಚಾಗಬೇಕಾದದ್ದು. ಕೈಬರಹದಲ್ಲಿ ಮೇಲೆ ಬರೆದಿತ್ತು: 'ದಿನಾಂಕ ತಿಳಿಯದ ಇತರರು.' ಅದರ ಕೆಳಗೆ ಒಂದರ ಕೆಳಗೊಂದು ಹೆಸರು. ಹೇಮಶ್ರೀ ಟೈಪ್ ಮಾಡಲು ಕೀಲಿಮಣೆಯ ಮೇಲೆ ಬೆರಳಿಟ್ಟವಳು ಹಾಗೇ ನಿಂತಳು. ಸೋಬಾನೆ ಪದ ಕಟ್ಟಿದವಳು, ಕೋಲಾಟದ ಹಾಡು ಬರೆದವಳು, ಉರ್ದುವಿನಲ್ಲೂ ಕನ್ನಡದಲ್ಲೂ ಮದುವೆ ಹಾಡು ಮಾಡಿದ್ದ ಕೋಟೆಯ ಒಬ್ಬ ಹೆಂಗಸು. ಬಹುಮಟ್ಟಿಗೆ ಎಲ್ಲವೂ ಹೆಂಗಸರ ಹೆಸರುಗಳೇ. ನಡುವೆ ಒಂದು ಸಾಲು: 'ಮಾಸ್ತಮ್ಮ, ಭದ್ರಾವತಿ. ಶಿಶುಗೀತೆಗಳು. ಜನನ: ತಿಳಿದಿಲ್ಲ.'

ಮಾಸ್ತಮ್ಮ ಕಾಗದದ ಕಾರ್ಖಾನೆಯ ಕಾಲೊನಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಆಯಾ ಆಗಿದ್ದಳು. ಹೇಮಶ್ರೀಯ ಅಮ್ಮ ಅದೇ ಕಾರ್ಖಾನೆಯಲ್ಲಿ ಹಾಳೆ ಎಣಿಸಿ ಕಟ್ಟು ಕಟ್ಟುವ ಕೆಲಸಕ್ಕೆ ಹೋಗುತ್ತಿದ್ದಳು. ಶಿಫ್ಟಿನ ಸೈರನ್ ಕೂಗಿದರೆ ಶಿಶುವಿಹಾರದ ಮಕ್ಕಳೆಲ್ಲ ಒಟ್ಟಿಗೆ ಅಳುತ್ತಿದ್ದವು, ಸೈರನ್ ಎಂದರೆ ಅಮ್ಮ ಹೋದಳೆಂದು ಅರ್ಥ. ಆಗ ಮಾಸ್ತಮ್ಮ ಒಂದನ್ನು ಸೊಂಟಕ್ಕೆ, ಒಂದನ್ನು ಹೆಗಲಿಗೆ ಹಾಕಿಕೊಂಡು ಹಾಡುತ್ತಿದ್ದಳು.

ಸೈರನ್ ಕೂಗ್ತು, ಎದ್ದೇಳೋ ಕಾಗೆ,
ಅಮ್ಮ ಹೋದ್ಲು ಕಾಗದದ ಮನೆಗೆ,
ಬಿದಿರು ಅರೀತಾಳೆ, ಬೆಳ್ಳಗೆ ಮಾಡ್ತಾಳೆ,
ಸಂಜೆಗೆ ನಿಂಗೊಂದು ಪಟ ತರ್ತಾಳೆ.

ಆ ಹಾಡನ್ನು ಅವಳೇ ಕಟ್ಟಿದ್ದಳು, ಅವಳೇ ಬರೆದಿದ್ದಳು. ಕೆಲಸಗಾರರ ಸಂಘದವರು ಅಂಥ ಹಾಡುಗಳನ್ನು ಒಂದು ತೆಳು ಪುಸ್ತಕ ಮಾಡಿದ್ದರು, ಅದರಲ್ಲಿ ವರ್ಷವನ್ನೂ ಹಾಕಿರಲಿಲ್ಲ. ಹೇಮಶ್ರೀಗೆ ಅಕ್ಷರ ಎನ್ನುವುದರ ರುಚಿ ಹತ್ತಿದ್ದು ಆ ಹಾಡಿನಿಂದ. ಕಾಗದದಿಂದ ಪಟ ಆಗುತ್ತದೆ ಎಂದು ಗೊತ್ತಾದದ್ದು ಆ ಸಾಲಿನಿಂದ.

"ಸಾರ್, ಇವರನ್ನೆಲ್ಲ ಒಳಗೆ ಹಾಕ್ಬೇಕು" ಎಂದಳು.

"ಒಳಗೆ ಎಲ್ಲಿ ಹಾಕ್ಲಮ್ಮ? ತಾರೀಖೇ ಇಲ್ವಲ್ಲ. ಯಾವ ಚೌಕಕ್ಕೆ?"

"ಮಾಸ್ತಮ್ಮಂಗೆ ಆಧಾರ್ ಕಾರ್ಡಲ್ಲಿ ಜನವರಿ ಒಂದು ಅಂತ ಇರುತ್ತೆ. ಗೊತ್ತಿಲ್ಲದೋರಿಗೆಲ್ಲ ಹಾಗೇ ಹಾಕಿದಾರೆ."

"ಅದು ಸುಳ್ಳು ಅಂತ ಎಲ್ಲರಿಗೂ ಗೊತ್ತು. ಇತಿಹಾಸ ಮಾಡುವಾಗ ಸುಳ್ಳು ಹಾಕೋಕಾಗುತ್ತಾ?"

"ಜೂನ್ ಒಂದು ಹಾಕಿದೀವಲ್ಲ ಸಾರ್, ಪುಟ ತುಂಬ?"

ಅವರ ಮುಖ ಸ್ವಲ್ಪ ಬಿಗಿಯಾಯಿತು. "ಅದಕ್ಕೆ ದಾಖಲೆ ಇದೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಇದೆ." ಆಮೇಲೆ ಮೆತ್ತಗೆ, ಪಾಠ ಮಾಡುವ ದನಿಯಲ್ಲಿ ಹೇಳಿದರು. "ಅಲ್ಲ ಹೇಮಾ, ರೂಲ್ ನಂದಲ್ಲ, ನಿಂದು. ನಿನ್ನ ಬೋರ್ಡ್ ಮೇಲೆ ಇಷ್ಟು ವರ್ಷದಲ್ಲಿ ತಾರೀಖಿಲ್ಲದ ಒಬ್ಬರ ಹೆಸರು ಬಂದಿದ್ಯಾ? ನಿಮ್ಮ ಮಾಸ್ತಮ್ಮನ ಹೆಸರು ನೀನೇ ಬರೆದಿದ್ಯಾ? ನಾನು ಹಿಂದಿನ ಪುಟಕ್ಕಾದ್ರೂ ಹಾಕಿದೀನಿ."

ಅವರು ಹೋದರು. ಆ ಮಾತು ನಿಜವಾಗಿತ್ತು, ಅದಕ್ಕೇ ಸಿಟ್ಟು ಹತ್ತು ಪಟ್ಟಾಯಿತು. ಮನೋಹರ ಸಾರ್ ಮೇಲೆ ಬಂದ ಸಿಟ್ಟು ಬಾಗಿಲವರೆಗೆ ಹೋಗಿ, ಹಲಗೆಗೆ ತಾಗಿ, ತಿರುಗಿ ಅವಳ ಎದೆಗೇ ಬಂದು ನಿಂತಿತು. ಸಂಜೆ ಹಲಗೆ ಒರೆಸುವಾಗ ಬಟ್ಟೆಯನ್ನು ಎಷ್ಟು ಜೋರಾಗಿ ಉಜ್ಜಿದಳೆಂದರೆ ಖಾಜಾ ಪೀರ್ ಎದ್ದು ಬಂದರು.

"ಬಣ್ಣ ಹೋಗುತ್ತೆ ಹೇಮಕ್ಕ. ಯಾರ ಮೇಲೆ ಕೋಪ?"

"ಹೆಡ್‌ಮಾಸ್ಟ್ರ ಮೇಲೆ."

"ಯಾವ ಹೆಡ್‌ಮಾಸ್ಟ್ರು?"

"ಎಲ್ಲಾ ಹೆಡ್‌ಮಾಸ್ಟ್ರು" ಎಂದಳು. "ಸುಳ್ಳು ತಾರೀಖು ಸಿಗ್ಬೇಕಾದ್ರೂ ಶಾಲೆ ಬಾಗಿಲು ದಾಟಿರ್ಬೇಕು ಪೀರಣ್ಣ. ಈ ಹೆಂಗಸ್ರನ್ನ ಯಾರೂ ಕರ್ಕೊಂಡ್ ಹೋಗ್ಲಿಲ್ಲ, ಯಾರೂ ಕಿವಿ ಮುಟ್ಟು ಅನ್ಲಿಲ್ಲ. ಅದಕ್ಕೆ ಇವರು ಹುಟ್ಟೇ ಇಲ್ಲ."

ಖಾಜಾ ಪೀರ್ ಬಟ್ಟೆಯನ್ನು ಅವಳ ಕೈಯಿಂದ ತೆಗೆದುಕೊಂಡು ಹಿಂಡಿ ಒಣಹಾಕಿದರು.

ಭಾನುವಾರ ಅವಳು ಭದ್ರಾವತಿಯ ಬಸ್ಸು ಹತ್ತಿದಳು. ಸೇತುವೆ ದಾಟಿ, ಆಟೋ ಹಿಡಿದು ಕಾಲೊನಿಯ ಕಡೆ ಹೋದರೆ, ಕಾರ್ಖಾನೆಯ ಚಿಮಣಿ ಹೊಗೆಯಿಲ್ಲದೆ ನಿಂತಿತ್ತು. ಮುಚ್ಚಿದ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಮೇಕೆಗಳು ಮಲಗಿದ್ದವು. ಶಿಶುವಿಹಾರದ ಗೋಡೆಯಲ್ಲಿ ಬರೆದಿದ್ದ ಆನೆಯ ಸೊಂಡಿಲು ಮಾತ್ರ ಉಳಿದಿತ್ತು, ಆನೆ ಹೋಗಿತ್ತು. ಕಾಲೊನಿಯ ಆಚೆಯ ಸಾಲುಮನೆಯೊಂದರ ಜಗಲಿಯಲ್ಲಿ ಮಾಸ್ತಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಕೂದಲು ಪೂರಾ ನೆರೆತಿತ್ತು. ತೋಳು ಮಾತ್ರ ಇನ್ನೂ ಎರಡು ಮಕ್ಕಳನ್ನು ಎತ್ತುವ ಹಾಗಿತ್ತು.

"ಯಾರೇ ಅದು, ಬಿಸಿಲಿಗೆ ಅಡ್ಡ ನಿಂತಿರೋದು?"

"ನಾನು ಆಯಮ್ಮ, ಹೇಮ. ಹಾಳೆ ಎಣಿಸೋಕೆ ಹೋಗ್ತಿದ್ರಲ್ಲ, ಅವರ ಮಗಳು."

ಮಾಸ್ತಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. "ಗೊತ್ತಾಯ್ತು. ಕಚ್ಚೋಳು." ಮುಂಗೈ ತಿರುಗಿಸಿ ತೋರಿಸಿದಳು. "ಇಲ್ಲಿ ನೋಡು, ನಿನ್ನ ಹಲ್ಲು ಇನ್ನೂ ಇದೆ. ಈಗ್ಲೂ ಕಚ್ತೀಯೋ?"

"ಈಗ ಬಾಯಲ್ಲಿ ಬಯ್ತೀನಿ."

"ಒಳ್ಳೇದಾಯ್ತು. ಕೂತ್ಕೋ, ಕಾಯಿ ಸುಲಿ."

ಅವಳು ಕೂತಳು. ಎರಡು ಹಿಡಿ ಕಾಯಿ ಸುಲಿದ ಮೇಲೆ ಕ್ಯಾಲೆಂಡರಿನ ಸಂಗತಿ ಹೇಳಿದಳು. ಹಿಂಬದಿಯ ಹಾಳೆಯನ್ನು ಫೋನಿನಲ್ಲಿ ತೋರಿಸಿದಳು. ಮಾಸ್ತಮ್ಮ ಓದು ಕಲಿತದ್ದು ದೊಡ್ಡವಳಾದ ಮೇಲೆ, ಕಾಲೊನಿಯ ರಾತ್ರಿ ಶಾಲೆಯಲ್ಲಿ. ಬೆರಳಿಟ್ಟು, ತುಟಿ ಆಡಿಸಿ, ತನ್ನ ಸಾಲನ್ನು ಓದಿದಳು. ಓದಿ ಮುಗಿಸಿದ ಮೇಲೆ ಬೆರಳು ಕೊನೆಯ ಪದದ ಮೇಲೇ ನಿಂತಿತು.

"ತಿಳಿದಿಲ್ಲ ಅಂತ ಬರ್ದಿದಾರೆ."

"ಹೌದು ಆಯಮ್ಮ."

"ಯಾರಿಗೆ ತಿಳಿದಿಲ್ಲ?"

ಹೇಮಶ್ರೀ ಫೋನನ್ನು ಹಿಂದಕ್ಕೆ ತೆಗೆದುಕೊಂಡಳು.

"ಯಾರಾದ್ರೂ ಇಲ್ಲಿಗೆ ಬಂದು ನನ್ನ ಕೇಳಿದ್ರಾ? ಬಸ್ಸಿಲ್ವಾ ಶಿವಮೊಗ್ಗದಿಂದ? ಫೋನಿಲ್ವಾ? ಕೇಳ್ದೇ ಹೋದ್ರೆ ಕೇಳಿಲ್ಲ ಅಂತ ಬರೀಬೇಕು. ತಿಳಿದಿಲ್ಲ ಅಂತ ಯಾಕೆ ಬರ್ದ್ರು?" ದನಿ ಏರಲಿಲ್ಲ, ಅವರೆಕಾಯಿ ಮಾತ್ರ ಬೆರಳಲ್ಲಿ ಟಪ್ಪನೆ ಒಡೆಯಿತು. "ನೀನು ಬೋರ್ಡ್ ಬರೀತೀಯ ಅಂತ ನಿಮ್ಮಮ್ಮ ಇದ್ದಾಗ ಹೇಳಿದ್ಳು. ನೀನಾದ್ರೂ ಕೇಳ್ಬಹುದಿತ್ತು."

"ಹೌದು" ಎಂದಳು ಹೇಮಶ್ರೀ. ಮುಖ ಕಾದು ಕೆಂಪಾಗಿತ್ತು. "ಈಗ ಕೇಳ್ತಿದೀನಿ ಆಯಮ್ಮ. ಯಾವಾಗ ಹುಟ್ಟಿದ್ದು?"

"ಭೂಮಿ ಹುಣ್ಣಿಮೆ" ಎಂದಳು ಮಾಸ್ತಮ್ಮ, ಊರಿನ ಹೆಸರು ಹೇಳಿದಷ್ಟು ಸಲೀಸಾಗಿ. "ನಮ್ಮವ್ವ ಹಬ್ಬದ ರಾತ್ರಿಯೆಲ್ಲ ಸೊಪ್ಪು ಬೇಯಿಸ್ತಾ ಕೂತಿದ್ಳಂತೆ, ಗದ್ದೆಗೆ ಎಡೆ ಒಯ್ಯೋಕೆ. ಬೆಳಗಿನ ಜಾವ ಅಪ್ಪ ಬುಟ್ಟಿ ಹೊತ್ಕೊಂಡ್ ಗದ್ದೆಗೆ ಹೋದ. ಬಸುರಿ ಭೂಮಿಗೆ ಉಣ್ಸಿ ಬರೋಷ್ಟರಲ್ಲಿ ಮನೇಲಿ ನಾನು. 'ಅಲ್ಲಿ ಉಣ್ಸಿ ಬಂದೆ, ಇಲ್ಲಿ ಇನ್ನೊಂದು ಬಾಯಿ' ಅಂದನಂತೆ ಅಪ್ಪ. ಪ್ರತಿ ವರ್ಷ ಆ ಹುಣ್ಣಿಮೆಗೆ ಅವ್ವ ನಂಗೆ ಮೊದಲ ತುತ್ತು ಕೊಡ್ತಿದ್ಳು. ಇಷ್ಟು ಗೊತ್ತಿರೋದು ಸಾಲ್ದೇನೇ? ನಿಮ್ಮ ಅಧ್ಯಕ್ಷರಿಗೆ ಅವರಪ್ಪ ಏನಂದ ಅಂತ ಗೊತ್ತಾ?"

ಪಕ್ಕದ ಮನೆಯಿಂದ ಒಬ್ಬಾಕೆ ತಮಿಳಿನಲ್ಲಿ ಕೂಗಿದಳು, "ಅಕ್ಕಾ, ತಣ್ಣಿ ವಂದಾಚ್!" ನಲ್ಲಿಯಲ್ಲಿ ನೀರು ಬಂದಿತ್ತು. ಮಾಸ್ತಮ್ಮ ಕೊಡ ಎತ್ತಿಕೊಂಡು ಎದ್ದಳು. ಹೇಮಶ್ರೀ ಇನ್ನೊಂದು ಕೊಡ ಹಿಡಿದಳು. ನಲ್ಲಿಯ ಹತ್ತಿರ ಸರದಿಯಲ್ಲಿ ನಿಂತಾಗ ಮಾಸ್ತಮ್ಮ ಅವಳ ಕಡೆ ನೋಡದೆ ಹೇಳಿದಳು. "ಹಿಂದುಗಡೆ ನಾನು ಕೂರಲ್ಲ. ಹಾಕಿದ್ರೆ ಒಳಗೆ ಹಾಕು, ಇಲ್ದಿದ್ರೆ ಹೆಸರು ತೆಗಿ."

ಬಸ್ಸಿನಲ್ಲಿ ಹಿಂದಿರುಗುವಾಗ ಹೇಮಶ್ರೀ ಹಿಂಬದಿಯ ಹಾಳೆಯ ಉಳಿದವರನ್ನು ಹುಡುಕಿ ಹುಡುಕಿ ಫೋನು ಮಾಡಿದಳು. ಕೆಲವರು ಬದುಕಿರಲಿಲ್ಲ, ಮಕ್ಕಳು ಸಿಕ್ಕರು. ಒಬ್ಬಳು ಕಾಮನ ಹುಣ್ಣಿಮೆಯ ಬೂದಿ ಆರುವ ಮೊದಲು ಹುಟ್ಟಿದವಳು. ಕೋಟೆಯ ಆ ಹೆಂಗಸು ರಂಜಾನಿನ ಚಂದ್ರ ಕಂಡ ಸಂಜೆ ಹುಟ್ಟಿದವಳು, ಅದನ್ನು ಅವಳ ಮೊಮ್ಮಗಳು ಸಿದ್ರಾ ಯೋಚಿಸದೆಯೇ ಹೇಳಿದಳು. ಯಾರೊಬ್ಬರೂ 'ತಿಳಿದಿಲ್ಲ' ಎನ್ನಲಿಲ್ಲ.

ಸೋಮವಾರ ಮನೋಹರ ಸಾರ್ ಪ್ರೂಫ್ ನೋಡಲು ಬಂದಾಗ ಅವಳು ಅಕ್ಟೋಬರ್ ತಿಂಗಳ ಹಾಳೆಯನ್ನು ಪರದೆಯ ಮೇಲೆ ತೆರೆದಿಟ್ಟಿದ್ದಳು.

"ಇಲ್ಲಿ ನೋಡಿ ಸಾರ್. ಭೂಮಿ ಹುಣ್ಣಿಮೆ ಅಂತ ಈ ಚೌಕದಲ್ಲಿ ಮೊದಲೇ ಇದೆ. ಅದರ ಕೆಳಗೆ ಒಂದು ಸಾಲಿಗೆ ಜಾಗ ಇದೆ. ಮಾಸ್ತಮ್ಮ ಅವತ್ತು ಹುಟ್ಟಿದ್ದು."

ಅವರು ಕನ್ನಡಕ ಸರಿಮಾಡಿಕೊಂಡರು. "ಹುಣ್ಣಿಮೆ ಪ್ರತಿ ವರ್ಷ ಜಾರುತ್ತಲ್ಲಮ್ಮ."

"ದೀಪಾವಳಿ ಜಾರಲ್ವಾ? ಯುಗಾದಿ ಜಾರಲ್ವಾ? ವರ್ಷ ವರ್ಷ ಹುಡುಕಿ ಹಾಕ್ತೀವಲ್ಲ."

"ಅದು ಹಬ್ಬ. ಇದು ಸಾಹಿತ್ಯ ಚರಿತ್ರೆ. ಚರಿತ್ರೆ ಒಂದು ಕಡೆ ನಿಲ್ಬೇಕು. ದಾಖಲೆ ಬೇಕು."

"ನಿಮ್ಮ ದಾಖಲೆ ಏನು ಸಾರ್? ಕೈ ಕಿವಿ ಮುಟ್ಟಿದ್ದು."

ಖಾಜಾ ಪೀರ್ ಯಂತ್ರ ನಿಲ್ಲಿಸಿ ಇತ್ತ ನೋಡಿದರು.

"ಹೇಮಾ, ಮಾತು ಹದವಾಗಿರ್ಲಿ."

"ನಿಮಗೂ ಅಮ್ಮ ಹೇಳಿದ ದಿನ ಇದೆ. ಪಾಯಸ ಉಣ್ತೀರಿ, ಕ್ಯಾಲೆಂಡರಿಗೆ ಮಾತ್ರ ಮೇಷ್ಟ್ರು ಬರೆದದ್ದು ಹಾಕ್ತೀರಿ. ನಿಮ್ಮಮ್ಮ ಹೇಳಿದ್ದು ನಗೋಕೆ, ಮಾಸ್ತಮ್ಮನ ಅವ್ವ ಹೇಳಿದ್ದು ಹಿಂದಿನ ಪುಟಕ್ಕೆ. ಎಲ್ಲಾ ಅಮ್ಮಂದಿರೂ ಸುಳ್ಳು ಹೇಳ್ತಾರೆ, ಒಬ್ಬ ಹೆಡ್‌ಮಾಸ್ಟ್ರು ಮಾತ್ರ ನಿಜ ಹೇಳ್ತಾರಾ ಸಾರ್?"

ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. ಕೂಗಿರಲಿಲ್ಲ.

ಮನೋಹರ ಸಾರ್ ಎದ್ದು ನಿಂತರು. ಕಿವಿ ಕೆಂಪಾಗಿತ್ತು. "ನಮ್ಮಮ್ಮನ್ನ ಇದಕ್ಕೆ ಎಳೀಬೇಡ. ನಮ್ಮ ಬಳಗದಲ್ಲಿ ಏನು ಹಾಕ್ಬೇಕು ಅಂತ ನಮಗೆ ಗೊತ್ತು. ಟೈಪ್ ಮಾಡೋದಷ್ಟೇ ನಿನ್ನ ಕೆಲಸ. ಮಾಡ್ತೀಯೋ, ಬೇರೆ ಪ್ರೆಸ್ಸಿಗೆ ಹೋಗ್ಲೋ?"

ಒಂದು ಗಳಿಗೆ ಅವಳಿಗೆ ಕೆಟ್ಟ ಯೋಚನೆ ಬಂತು. ಒಂದು ಕೀಲಿ ಒತ್ತಿದರೆ ಹನ್ನೆರಡು ತಿಂಗಳೂ ಅಳಿಸಿಹೋಗುತ್ತವೆ. ಅಥವಾ ಈಗ ಹೂಂ ಎಂದು, ಅಚ್ಚಿಗೆ ಕಳಿಸುವಾಗ ಯಾರಿಗೂ ಕಾಣದ ಹಾಗೆ ಆ ಹೆಸರನ್ನು ಹುಣ್ಣಿಮೆಯ ಚೌಕಕ್ಕೆ ತೂರಿಸಬಹುದು. ಆದರೆ ಕಳ್ಳತನದಿಂದ ಒಳಗೆ ಹೋಗುವುದಕ್ಕೆ ಮಾಸ್ತಮ್ಮ ಕೇಳಿರಲಿಲ್ಲ. ಅಳಿಸಿದರೆ, ಪಾಪ, ಒಳಗಿದ್ದವರದೇನು ತಪ್ಪು? ಅವರ ಕೈಯೂ ಚಿಕ್ಕದಿದ್ದಾಗ ಯಾರೋ ತಲೆ ಮೇಲಿಂದ ಎಳೆದು ಕಿವಿ ಮುಟ್ಟಿಸಿದ್ದೇ ಅಲ್ಲವೇ?

ಅವಳು ಹನ್ನೆರಡೂ ತಿಂಗಳನ್ನು ಪೆನ್‌ಡ್ರೈವಿಗೆ ಹಾಕಿ ಅವರ ಮುಂದಿಟ್ಟಳು. ಕೈಬರಹದ ಹಿಂಬದಿಯ ಹಾಳೆಯನ್ನೂ ಮಡಿಚಿ ಅದರ ಮೇಲಿಟ್ಟಳು.

"ಇದನ್ನ ನಾನು ಟೈಪ್ ಮಾಡಿಲ್ಲ. ಮಾಡಲ್ಲ. ಮಾಸ್ತಮ್ಮ ಹಿಂದುಗಡೆ ಕೂರಲ್ಲ ಅಂದಿದಾರೆ, ಅವರ ಹೆಸರು ತೆಗೀಬೇಕಂತೆ. ಅದನ್ನಾದ್ರೂ ಮಾಡಿ."

ಅವರು ಎರಡನ್ನೂ ಜೇಬಿಗೆ ಹಾಕಿಕೊಂಡು ಹೋದರು. ಖಾಜಾ ಪೀರ್ ಬಾಗಿಲವರೆಗೆ ಹೋಗಿ, ಸ್ಕೂಟರ್ ತಿರುವಿನಲ್ಲಿ ಮರೆಯಾಗುವವರೆಗೂ ನೋಡಿ ಬಂದರು.

"ಕೋಪ ಸಾಹಿತ್ಯಕ್ಕೆ ಬಂತು, ಆರ್ಡರ್ ಹೋಗಿದ್ದು ನಂದು" ಎಂದರು. ಸ್ವಲ್ಪ ಹೊತ್ತು ಮುಖ ಊದಿಸಿಕೊಂಡೇ ಕೂತಿದ್ದರು. ಆಮೇಲೆ ತಮ್ಮಷ್ಟಕ್ಕೆ ಎಂಬಂತೆ, "ಅಮ್ಮಿ ಇದ್ದಿದ್ರೆ ನಿನ್ನ ಪಕ್ಕ ನಿಂತು ಇನ್ನೂ ಜೋರಾಗಿ ಬಯ್ತಿದ್ರು" ಎಂದು ಎದ್ದು ಯಂತ್ರ ಶುರು ಮಾಡಿದರು.

ಕ್ಯಾಲೆಂಡರ್ ಬೇರೆ ಕಡೆ ಅಚ್ಚಾಯಿತು. ವರ್ಷದ ಕೊನೆಯ ದಿನವೇ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನ ಗೋಡೆಗೆ ಬಂದಿತ್ತು. ಹೇಮಶ್ರೀ ಚಹಾ ಲೋಟ ಕೈಯಲ್ಲಿ ಹಿಡಿದೇ ಹೋಗಿ ಅದನ್ನು ತಿರುಗಿಸಿ ನೋಡಿದಳು. ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಮಾಸ್ತಮ್ಮ ಹಾಗೇ ಇದ್ದಳು. ಜನನ: ತಿಳಿದಿಲ್ಲ. ತೆಗೆದಿರಲೂ ಇಲ್ಲ, ಕೇಳಿರಲೂ ಇಲ್ಲ. "ಮೇಡಂ, ಹರೀತೀರಾ?" ಎಂದು ಕ್ಯಾಶಿನಲ್ಲಿದ್ದವನು ಹೆದರಿ ಕೇಳಿದ. ಅವಳು ಕ್ಯಾಲೆಂಡರನ್ನು ನೆಟ್ಟಗೆ ತಿರುಗಿಸಿ ಮೊಳೆಗೆ ಹಾಕಿದಳು. ಚಹಾ ಕುಡಿಯದೆ ಬಂದಳು.

ಜನವರಿ ಒಂದರ ಬೆಳಿಗ್ಗೆ ಸಿಟಿ ಬಸ್ಸಿನಲ್ಲಿ ಯಾರೂ ಅವಳ ಕಾಲು ತುಳಿಯಲಿಲ್ಲ. ಡಬ್ಬಿ ಸೋರಲಿಲ್ಲ. ಆದರೂ ಅವಳು ಹಲಗೆಯ ಮುಂದೆ ನಿಂತಾಗ ಹಿಂದೆಂದೂ ಇಲ್ಲದಷ್ಟು ಸಿಟ್ಟಿತ್ತು, ಮತ್ತು ಅದು ನಿಶ್ಶಬ್ದವಾಗಿತ್ತು. ಹೊಸ ಸೀಮೆಸುಣ್ಣ ಮುರಿದು ಬರೆದಳು.

'ಈ ದಿನ ಭದ್ರಾವತಿಯ ಮಾಸ್ತಮ್ಮನವರು ಹುಟ್ಟಲಿಲ್ಲ. ಆಧಾರ್ ಕಾರ್ಡಿನಲ್ಲಿ ಹಾಗಿದೆ, ಅಷ್ಟೆ. ಅವರು ಹುಟ್ಟಿದ್ದು ಭೂಮಿ ಹುಣ್ಣಿಮೆಯ ಬೆಳಗಿನ ಜಾವ, ಅಪ್ಪ ಗದ್ದೆಗೆ ಉಣ್ಣಿಸಿ ಬರುವಷ್ಟರಲ್ಲಿ. "ಸೈರನ್ ಕೂಗ್ತು, ಎದ್ದೇಳೋ ಕಾಗೆ" ಹಾಡು ಬರೆದವರು ಅವರು. ಈ ಹಲಗೆ ಅವರನ್ನು ಇಷ್ಟು ವರ್ಷ ಕೇಳಿರಲಿಲ್ಲ.'

ಗೆರೆ ಎಳೆದಳು.

'ಬರೆಯುವವರಿಗೆ: ತಿಳಿದಿಲ್ಲ ಎಂದು ಬರೆಯುವ ಮೊದಲು, ಹೋಗಿ ಕೇಳಿ.'

ಸೀಮೆಸುಣ್ಣವನ್ನು ಚೌಕಟ್ಟಿನ ಮೇಲೇ ಬಿಟ್ಟು ಒಳಗೆ ಹೋಗಿ ಒಂದು ಗೃಹಪ್ರವೇಶದ ಪತ್ರಿಕೆ ಟೈಪ್ ಮಾಡತೊಡಗಿದಳು. ಹೊರಗೆ ಖಾಜಾ ಪೀರ್ ಬಹಳ ಹೊತ್ತು ಓದುತ್ತಾ ನಿಂತಿದ್ದರು. ಅವರು ಒಳಗೆ ಬಂದಾಗ ಬೆರಳ ತುದಿ ಬೆಳ್ಳಗಾಗಿತ್ತು.

ಮಧ್ಯಾಹ್ನ ಊಟಕ್ಕೆ ಎದ್ದು ಹೊರಗೆ ಬಂದವಳು ನಿಂತುಬಿಟ್ಟಳು. ಗೆರೆಯ ಕೆಳಗೆ ಖಾಲಿ ಬಿಟ್ಟಿದ್ದ ಜಾಗದಲ್ಲಿ ಮೊದಲು ಓರೆಯಾದ ಅಕ್ಷರದಲ್ಲಿ, 'ಖಾಜಾ ಪೀರ್. ಜೂನ್ ಒಂದು ಅಲ್ಲ. ಬಕ್ರೀದ್ ಮಾರನೇ ದಿನ.' ಅದರ ಕೆಳಗೆ ಬೇರೆ ಬೇರೆ ಕೈಗಳು. 'ನಮ್ಮ ಅಜ್ಜಿ, ಎಳ್ಳಮಾವಾಸ್ಯೆ.' 'ನಮ್ಮ ತಾಯಿ, ಕೆರೆ ಕೋಡಿ ಬಿದ್ದ ದಿನ.' 'ನನಗೆ ಗೊತ್ತಿಲ್ಲ, ಸಂಜೆ ಅಮ್ಮನಿಗೆ ಫೋನ್ ಮಾಡ್ತೀನಿ.' ಹಲಗೆ ತುಂಬಿ, ಅಕ್ಷರಗಳು ಗೋಡೆಗೆ ಇಳಿದಿದ್ದವು. ಹೂವಿನವಳೊಬ್ಬಳು ಇನ್ನೂ ಬರೆಯುತ್ತಿದ್ದಳು, ನಾಲಗೆ ತುದಿ ಹಲ್ಲಲ್ಲಿ ಕಚ್ಚಿಕೊಂಡು.

ಅಷ್ಟು ಹೊತ್ತಿಗೆ ಮನೋಹರ ಸಾರ್ ಸ್ಕೂಟರಿನ ಹಿಂದೆ ಕ್ಯಾಲೆಂಡರಿನ ಸುರುಳಿಗಳನ್ನು ಕಟ್ಟಿಕೊಂಡು ಬಿಡುಗಡೆಯ ಸಭೆಗೆ ಹೊರಟಿದ್ದವರು ಜನ ನಿಂತದ್ದು ನೋಡಿ ನಿಧಾನಿಸಿದರು. ಕಾಲು ಊರಿ, ಎಂಜಿನ್ ಆರಿಸದೆ ಓದಿದರು. ಮೇಲಿನಿಂದ ಕೆಳಗಿನವರೆಗೂ ಓದಿದರು. ಹೇಮಶ್ರೀ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಳು. ಒಬ್ಬರನ್ನೊಬ್ಬರು ನೋಡಿದರು, ಯಾರೂ ನಮಸ್ಕಾರ ಮಾಡಲಿಲ್ಲ. ಅವರು ಹೋದರು.

ಅವಳು ಹಲಗೆಯ ಫೋಟೋ ತೆಗೆದು ಭದ್ರಾವತಿಗೆ ಕಳಿಸಿದಳು. ಬಹಳ ಹೊತ್ತಾದ ಮೇಲೆ ಫೋನು ಬಂತು. ಬೆರಳಿಟ್ಟು ಓದಲು ಅಷ್ಟು ಸಮಯ ಬೇಕಾಗಿರಬೇಕು.

"ನನ್ನ ಹೆಸರಿನ ಕೆಳಗೆ ಯಾರ್ಯಾರೋ ಬರ್ದಿದಾರಲ್ಲೇ?" ಎಂದಳು ಮಾಸ್ತಮ್ಮ.

"ಹೌದು ಆಯಮ್ಮ. ಯಾರೂ ಕೇಳದೇ ಬಿಟ್ಟೋರು."

"ಹುಣ್ಣಿಮೆಗೆ ಇನ್ನೂ ಬೇಕಾದಷ್ಟು ದಿನ ಇದೆ. ಅಷ್ಟರಲ್ಲಿ ಇನ್ನೊಂದು ಬರೀತೀನಿ. ಅವತ್ತು ಅದನ್ನ ಹಾಕು. ದೊಡ್ಡಕ್ಷರದಲ್ಲಿ ಹಾಕು, ನಿನ್ನ ಅಕ್ಷರ ಇರುವೆ ಹರ್ದಾಡ್ದಂಗಿದೆ." ಆಮೇಲೆ, "ಇವತ್ತಿಂದು ಒರೆಸ್ಬೇಡ" ಎಂದು ಫೋನಿಟ್ಟಳು.

ಸಂಜೆ ಖಾಜಾ ಪೀರ್ ಅಭ್ಯಾಸದಂತೆ ಒದ್ದೆ ಬಟ್ಟೆ ಹಿಡಿದು ಬಂದರು. ಹೇಮಶ್ರೀ ಅದನ್ನು ಕೈಯಿಂದ ಕಿತ್ತುಕೊಂಡು ಕಿಟಕಿಗೆ ಎಸೆದಳು.

"ಮತ್ತೆ ನಾಳೆದು ಎಲ್ಲಿ ಬರೀತೀಯ?"

"ಇನ್ನೊಂದು ಬೋರ್ಡ್ ತನ್ನಿ ಪೀರಣ್ಣ" ಎಂದಳು. ಚೌಕಟ್ಟಿನ ಮೇಲೆ ಬೆರಳಾಡಿಸಿದಳು, ಪುಡಿ ಬಿಟ್ಟು ಏನೂ ಉಳಿದಿರಲಿಲ್ಲ. "ನೋಡಿ, ನನ್ನ ಹೊಸ ಸೀಮೆಸುಣ್ಣ ಒಂದು ಚೂರೂ ಬಿಡದೆ ಮುಗಿಸಿದಾರೆ, ಕೇಳ್ಬೇಕು ಅನ್ನೋ ಬುದ್ಧಿ ಬೇಡ್ವಾ ಈ ಜನಕ್ಕೆ!" ಎಂದು ಬಯ್ಯುತ್ತಾ, ಅಂಗಡಿ ಮುಚ್ಚುವ ಮೊದಲು ಒಂದು ಪೂರಾ ಡಬ್ಬಿ ತರಲು ಬೀದಿಗಿಳಿದಳು.